ಬಾಯ್ಲರ್ ರೂಮಿನ ದೊಡ್ಡತ್ತೆ

ಜೂನ್ 3, ಮಂಗಳವಾರ

ಬೆಳಗಿನಿಂದ ಟಿಕೆಟ್ ಕೌಂಟರಿನಲ್ಲಿ ಕೂತಿದ್ದೇ ಬಂತು. ಬಂದವರು ಇಬ್ಬರು. ಒಬ್ಬರು ಬಾತ್‌ರೂಮ್ ಎಲ್ಲಿ ಎಂದು ಕೇಳಿದರು, ಇನ್ನೊಬ್ಬರು ಅವರಿಗಾಗಿ ಕಾದು ನಿಂತರು. ನಮ್ಮ ಮ್ಯೂಸಿಯಂ ಎಂದರೆ ಇಷ್ಟೇ. ಜನ ಬರುವುದು ಶನಿವಾರ ಸಂಜೆಯ ‘ದೆವ್ವದ ನಡಿಗೆ’ಗೆ ಮಾತ್ರ. ಊರಿನ ದೆವ್ವಗಳಿರುವ ಜಾಗಕ್ಕೆಲ್ಲ ಕರೆದುಕೊಂಡು ಹೋಗಿ ಕಥೆ ಹೇಳಬೇಕು. ನನ್ನನ್ನು ಗೈಡ್ ಮಾಡಿದ್ದು ಓದಿಕೊಂಡವಳು ಎಂದಲ್ಲ, ಗಂಟಲು ದೊಡ್ಡದು ಎಂದು.

ಮಧ್ಯಾಹ್ನ ಸಾಹೇಬರು ಬಂದರು. ಹೊಸ ಮ್ಯಾನೇಜರ್. ನನ್ನ ಮಗನ ವಯಸ್ಸು, ಆದರೂ ಸಾಹೇಬರೇ. ನಡಿಗೆಗೆ ಇನ್ನೊಂದು ಜಾಗ ಬೇಕಂತೆ. ಹಳೆ ಜೈಲು, ಮುಚ್ಚಿದ ಥಿಯೇಟರ್, ಸೇತುವೆ — ಮೂರು ಸಾಲದಂತೆ. ಸೇತುವೆ ಸಾಲದು, ಒಪ್ಪಿದೆ. ಕಳೆದ ವಾರ ಅಲ್ಲಿ ಒಬ್ಬ ಆಕಳಿಸಿದ. ನೋಡಿ ನನಗೂ ಆಕಳಿಕೆ ಬಂತು.

“ನಿಮಗೆ ಗೊತ್ತಿರೋರ ಪೈಕಿ ಯಾರಾದ್ರೂ ದೆವ್ವ ಆಗಿದ್ದಾರಾ ಮೇಡಂ?” ಎಂದು ಕೇಳಿದರು. ಬಾಡಿಗೆಗೆ ಮನೆ ಇದೆಯಾ ಎಂದು ಕೇಳುವ ಧಾಟಿಯಲ್ಲಿ.

ಬಾಯಿ ತಪ್ಪಿ ಹೇಳಿಬಿಟ್ಟೆ. “ಇದ್ದಾರೆ ಸರ್. ನಮ್ಮ ದೊಡ್ಡತ್ತೆ.”

ಜೂನ್ 4, ಬುಧವಾರ

ಅತ್ತೆಯನ್ನು, ನಮ್ಮ ಮನೆಯವರ ತಾಯಿಯನ್ನು, ಕೇಳದೆ ಹೇಗೆ? ದೊಡ್ಡತ್ತೆ ಎಂದರೆ ಅತ್ತೆಯ ಒಡಹುಟ್ಟಿದ ಅಕ್ಕ. ಅತ್ತೆಯ ತವರಿನವರದು ಲಾಂಡ್ರಿ. ಪೇಟೆಯ ಬೇಕರಿ ಪಕ್ಕದಲ್ಲಿ ಈಗಲೂ ಕಟ್ಟಡ ಇದೆ. ಬೇಕರಿಯವನು ಅದರಲ್ಲಿ ಮೈದಾ ಮೂಟೆ ಇಟ್ಟಿದ್ದಾನೆ. ಸಂಜೆ ಆದ ಮೇಲೆ ಶಿಳ್ಳೆ ಹಾಕದೆ ಒಳಗೆ ಹೋಗುವುದಿಲ್ಲ. ಪೈಪು ಟಕಟಕ ಎನ್ನುತ್ತದೆ, ಗೋಡೆಯಿಂದ ಹಬೆ ಬರುತ್ತದೆ ಎಂದು ಪೇಟೆಗೆಲ್ಲ ಗೊತ್ತು.

ಮನೆಯಿಂದ ಓಡಿಸುತ್ತಾರೆ ಎಂದುಕೊಂಡೇ ವಿಷಯ ಎತ್ತಿದೆ. ಅತ್ತೆ ಮಡಚುತ್ತಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದರು.

“ಹೇಳೋದಾದ್ರೆ ನೆಟ್ಟಗೆ ಹೇಳು. ಬಿಳಿ ಬಟ್ಟೆ ಹಾಕಿರ್ತಾಳೆ ಅನ್ಬೇಡ. ಅಕ್ಕ ಬಿಳೀದು ಮುಟ್ತಿರ್ಲಿಲ್ಲ. ಒಗೆಯೋರಿಗೆ ಗೊತ್ತು ಅದರ ಕಷ್ಟ.”

ಆಮೇಲೆ ಅವರೇ ಪೂರ್ತಿ ಹೇಳಿದರು. ಲಾಂಡ್ರಿಯ ಬಾಯ್ಲರ್ ಕೆಟ್ಟಿತ್ತು. ಒಬ್ಬ ಫಿಟ್ಟರ್ ದಿನಾ ಬಂದು ರಿಪೇರಿ ಮಾಡುತ್ತಿದ್ದ. ತಿಂಗಳುಗಟ್ಟಲೆ ಮಾಡಿದರೂ ಸರಿಯಾಗಲಿಲ್ಲ. ಅತ್ತೆಗಾಗ ಹತ್ತು ವರ್ಷ, ದೊಡ್ಡತ್ತೆಗೆ ಹತ್ತೊಂಬತ್ತು. ಒಂದು ಬೆಳಗ್ಗೆ ಅವರ ಅಪ್ಪ ಬಂದು ಬಾಯ್ಲರ್ ಸಿಡಿಯಿತು, ಅಕ್ಕ ಹೋದಳು ಎಂದರಂತೆ. ಜೊತೆಗೆ ಒಣಗಲು ಹಾಕಿದ್ದ ಡಾಕ್ಟರ ಉದ್ದನೆಯ ಉಣ್ಣೆ ಕೋಟೂ ಹೋಯಿತಂತೆ. ಏನೂ ಸಿಗಲಿಲ್ಲ. ಆವಿಯಾದಳು ಎಂದೇ ಜನ ಹೇಳಿದರು. ಫಿಟ್ಟರ್ ಪಾಪ, ಆ ದುಃಖದಲ್ಲಿ ಊರೇ ಬಿಟ್ಟನಂತೆ.

ಲಾಂಡ್ರಿಯ ಬೋರ್ಡಿನಲ್ಲಿ ಏನು ಬರೆಸಿದ್ದರು ಗೊತ್ತೆ? ‘ಇಲ್ಲಿ ಒಂದು ಗುಂಡಿಯೂ ಕಳೆಯುವುದಿಲ್ಲ.’ ಬದುಕಿರುವವರೆಗೂ ಅಪ್ಪ ಆ ಕೋಟಿನ ಮಾತು ಬಂದಾಗಲೆಲ್ಲ ಕಣ್ಣೀರು ಹಾಕುತ್ತಿದ್ದರು ಎಂದರು ಅತ್ತೆ. ಮಗಳ ಮಾತು ಬಂದಾಗ? ಆಗ ಎದ್ದು ಹೋಗುತ್ತಿದ್ದರಂತೆ.

ಪಾಪ, ಎಂಥ ದುಃಖ. ಎಲ್ಲ ನೀಟಾಗಿ ಬರೆದುಕೊಂಡೆ.

ಜೂನ್ 7, ಶನಿವಾರ, ರಾತ್ರಿ

ಸೂಪರ್ ಹಿಟ್. ಸ್ವಲ್ಪ ಉಪ್ಪು ಖಾರ ಹಚ್ಚಿದೆ — ಬೇಕಲ್ಲ. ಸುಟ್ಟ ಮುಖ, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ, “ನನ್ನ ಬಟ್ಟೆ ಎಲ್ಲಿ” ಎಂಬ ಕೂಗು. ಸರಿಯಾಗಿ ಆಗಲೇ ಪೈಪು ಟಕ್ ಎಂದಿತು. ಇಬ್ಬರು ಹೆಂಗಸರು ನನ್ನ ಸೊಂಟ ಹಿಡಿದುಕೊಂಡರು. ಬೇಕರಿಯವನ ಬನ್ನು ಪೂರ್ತಿ ಖರ್ಚು.

ಒಬ್ಬರು ಮಾತ್ರ ನಕ್ಕರು. ವಯಸ್ಸಾದವರು, ಮೋಡವಿಲ್ಲದ ದಿನ ಛತ್ರಿ ಹಿಡಿದು ಬಂದಿದ್ದರು. ಸುಟ್ಟ ಮುಖ ಎಂದಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಭುಜ ಕುಣಿಯುವಂತೆ ನಕ್ಕರು. ಮೈಯೆಲ್ಲ ಉರಿದುಹೋಯಿತು. ಸತ್ತವರ ಬಗ್ಗೆ ಇಷ್ಟಾದರೂ ಮರ್ಯಾದೆ ಬೇಡವೆ?

ಸುಟ್ಟ ಮುಖದ ವಿಷಯ ಅತ್ತೆಗೆ ಹೇಳಲಿಲ್ಲ.

ಜೂನ್ 14, ಶನಿವಾರ

ಛತ್ರಿಯಮ್ಮ ಮತ್ತೆ ಹಾಜರ್. ಜೈಲು, ಥಿಯೇಟರ್, ಸೇತುವೆ ಎಲ್ಲಾ ಕಡೆ ಸುಮ್ಮನೆ ಬಂದರು. ಲಾಂಡ್ರಿಯಲ್ಲಿ ಶುರು.

ಬಾಯ್ಲರ್ ಇದ್ದದ್ದು ಎಡಗಡೆಯಂತೆ. ನಾನು ತೋರಿಸುತ್ತಿದ್ದದ್ದು ಬಟ್ಟೆ ನೆನೆಸುವ ತೊಟ್ಟಿಯಂತೆ. ಹುಡುಗಿ ಕಪ್ಪಗೆ ಕೋಲುಮುಖದವಳಂತೆ, ನಾನು ಹೇಳಿದ ಹಾಗೆ ಬೆಳದಿಂಗಳ ಬಣ್ಣವಲ್ಲ. ಗುಂಪೆಲ್ಲ ನನ್ನನ್ನು ಬಿಟ್ಟು ಅವರ ಕಡೆ ತಿರುಗಿತು. ನನಗೆ ರೇಗಿತು. ಅಮ್ಮಾ, ನೀವೇನು ನೋಡಿದ್ದೀರಾ ಎಂದೆ. ಸ್ವಲ್ಪ ಸ್ವಲ್ಪ, ಎಂದರು.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಬಾಯ್ಲರ್ ಎಡಗಡೆಯೇ.

ಯಾರಪ್ಪಾ ಇವರು... ಡಾಕ್ಟರ ಮನೆಯವರಿರಬಹುದೆ? ಇಷ್ಟು ವರ್ಷದ ಮೇಲೆ ಕೋಟಿಗೆ ಪರಿಹಾರ ಕೇಳಲು ಬಂದರೆ?

ಜೂನ್ 21, ಶನಿವಾರ

ಚಪ್ಪಲಿ ಕೂಡ ಬಿಚ್ಚದೆ ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟ ಬಂದರೆ ಬರಲಿ.

ನಡಿಗೆ ಮುಗಿದ ಮೇಲೆ ಛತ್ರಿಯಮ್ಮ ಬೇಕರಿಯಲ್ಲಿ ಟೀ ಕುಡಿಯೋಣ ಬಾ ಎಂದು ಕರೆದರು. ಈ ಕಥೆ ಯಾರು ಹೇಳಿಕೊಟ್ಟದ್ದು ಎಂದು ಕೇಳಿದರು. ನಮ್ಮತ್ತೆ, ಲಾಂಡ್ರಿಯವರ ಚಿಕ್ಕ ಮಗಳು ಎಂದೆ. ಅವರು ಟೀ ಲೋಟ ಕೆಳಗಿಟ್ಟರು.

“ಅವಳು ಬದುಕಿದ್ದಾಳಾ?”

ಇದ್ದಾರೆ, ಚೆನ್ನಾಗಿಯೇ ಇದ್ದಾರೆ, ಬೆಳಗ್ಗೆ ತಾನೇ ನನ್ನ ಇಸ್ತ್ರಿಯನ್ನು ಬೈದರು ಎಂದೆ. ಛತ್ರಿಯನ್ನು ಮೇಜಿಗೆ ಒರಗಿಸಿಟ್ಟರು. ಆಮೇಲೆ ಹೇಳಿದರು.

“ನಾನೂ ಬದುಕಿದ್ದೀನಿ ಕಣಮ್ಮಾ. ನಾನೇ ನಿನ್ನ ದೆವ್ವ.”

ಬಾಯಲ್ಲಿದ್ದ ಟೀ ಮೇಜಿನ ಮೇಲೆ ಬಿತ್ತು. ಬೇಕರಿಯವನು ಬಟ್ಟೆ ತಂದು ಒರೆಸಿದ. ದೊಡ್ಡತ್ತೆ ಅವನಿಗೂ ಜಾಗ ಮಾಡಿಕೊಟ್ಟು ಮಾತು ಮುಂದುವರಿಸಿದರು.

ಫಿಟ್ಟರ್ ಜೊತೆ ಹೋಗಿದ್ದಾರೆ. ಅಷ್ಟೇ ವಿಷಯ. ಬಾಯ್ಲರ್ ಮೊದಲ ವಾರವೇ ಸರಿಯಾಗಿತ್ತಂತೆ, ಅವನೇ ದಿನಾ ಒಂದು ತಿರುಪು ಸಡಿಲ ಮಾಡಿ ಹೋಗುತ್ತಿದ್ದನಂತೆ. ಹೊರಟ ಬೆಳಗ್ಗೆ ಯಾರೂ ಗುರುತು ಹಿಡಿಯಬಾರದೆಂದು ಕೈಗೆ ಸಿಕ್ಕಿದ ಡಾಕ್ಟರ ಕೋಟು ಹಾಕಿಕೊಂಡದ್ದೇ ತಪ್ಪಾಯಿತು. ಮದುವೆ ಮಾಡಿಕೊಂಡು ಕೋಟು ಸಮೇತ ಹಿಂದಿನ ಬಾಗಿಲಿಗೆ ಬಂದರೆ ಅಪ್ಪ ಮೊದಲು ನೋಡಿದ್ದು ಅದನ್ನೇ. ಬೆನ್ನ ತುಂಬ ಗ್ರೀಸು. ಬಿಡಿಸಲು ಅವರಿಂದಲೂ ಆಗಲಿಲ್ಲ. ಮಗಳು ಓಡಿಹೋದಳು ಎಂದು ಹೇಗೋ ಹೇಳಬಹುದು, ಗಿರಾಕಿಯ ಬಟ್ಟೆ ಹೋಯಿತು ಎಂದು ಹೇಗೆ ಹೇಳುವುದು? ಅಷ್ಟರಲ್ಲಿ ಮಗಳನ್ನೂ ಕೋಟನ್ನೂ ಬಾಯ್ಲರಿಗೆ ಹಾಕಿ ಊರಿಗೆಲ್ಲ ಸುದ್ದಿ ಮಾಡಿಯಾಗಿತ್ತು. ನೀನು ಬದುಕಿದರೆ ಕೋಟೂ ಬದುಕಬೇಕಾಗುತ್ತದೆ, ಹೋಗು ಎಂದರಂತೆ. ಚಿಕ್ಕವಳಿಗೂ ಎಲ್ಲ ಗೊತ್ತು, ಅವಳೂ ನಿನ್ನ ಮುಖ ನೋಡುವುದಿಲ್ಲ ಎಂದಿದ್ದಾಳೆ ಎಂದೂ ಹೇಳಿದರಂತೆ.

ಅದನ್ನು ನಂಬಿ ಇವರು ಪಕ್ಕದ ಊರಿನಲ್ಲೇ ಇಷ್ಟು ವರ್ಷ ಇದ್ದುಬಿಟ್ಟಿದ್ದಾರೆ. ಫಿಟ್ಟರ್ ತೀರಿಕೊಂಡು ಆರು ವರ್ಷವಾಯಿತು. ಮ್ಯೂಸಿಯಂ ಪೋಸ್ಟರ್ ನೋಡಿ, ತನ್ನ ದೆವ್ವ ಹೇಗಿದೆ ನೋಡೋಣ ಎಂದು ಬಂದದ್ದು. ಮಗಳಿಗೆ ದೂರಕ್ಕೆ ವರ್ಗವಾಗಿದೆ. ನಾಳೆ ಬಿಟ್ಟು ಮುಂದಿನ ಭಾನುವಾರ ಇವರೂ ಅವಳ ಜೊತೆ ಹೊರಡುತ್ತಾರೆ. ಮತ್ತೆ ಈ ಕಡೆ ಬರುವ ವಯಸ್ಸಲ್ಲ.

“ಒಂದು ಸಲ ಅವಳನ್ನ ನೋಡ್ಬೇಕು. ಅವಳಿಗೆ ಇಷ್ಟ ಇದ್ರೆ ಮಾತ್ರ.”

ಜೂನ್ 22

ನಮ್ಮ ಮನೆಯವರಿಗೆ ಹೇಳಿದೆ. ನಿಮ್ಮ ತಾಯಿಗೆ ನೀವೇ ಹೇಳಿ ಎಂದೆ. ಇವರು ಪೇಪರ್ ಎತ್ತಿ ಹಿಡಿದುಕೊಂಡರು. ದೆವ್ವದ ಡಿಪಾರ್ಟ್‌ಮೆಂಟ್ ನಿನ್ನದು ಎಂದರು.

ಜೂನ್ 24, ಮಂಗಳವಾರ

ಹೇಳಿಬಿಟ್ಟೆ. ಅತ್ತೆ ಬೀನ್ಸ್ ನಾರು ತೆಗೆಯುತ್ತಿದ್ದರು. ನಿಲ್ಲಿಸಲಿಲ್ಲ. ಪೂರ್ತಿ ಕೇಳಿ, ಡಾಕ್ಟರ ಕೋಟು ಏನಾಯಿತು ಎಂದು ಕೇಳಿದರು. ಗ್ರೀಸಾಗಿತ್ತಂತೆ ಎಂದೆ. ಸೀಮೆಎಣ್ಣೆ ಹಾಕಿ ಉಜ್ಜಿದ್ದರೆ ಬಿಡುತ್ತಿತ್ತು ಎಂದರು. ಲಾಂಡ್ರಿಯವರ ಮಗಳು!

ಆಮೇಲೆ ನಾರು ತೆಗೆದ ಬೀನ್ಸನ್ನು ಕಸಕ್ಕೆ ಹಾಕಿ, ನಾರನ್ನು ಪಾತ್ರೆಗೆ ಹಾಕಿ ಒಳಗೆ ಹೋದರು. ಊಟಕ್ಕೆ ಬರಲಿಲ್ಲ.

ಜೂನ್ 25, ಬುಧವಾರ

ಬೆಳಗ್ಗೆ ಕಾಫಿ ತೆಗೆದುಕೊಂಡು ಹೋದೆ. ನೋಡುವುದಿಲ್ಲ ಎಂದರು. ಅಕ್ಕನಿಗಾಗಿ ಅಳುವುದನ್ನೆಲ್ಲ ಅತ್ತು ಮುಗಿಸಿದ್ದಾರಂತೆ, ಈಗ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲವಂತೆ. ದೊಡ್ಡತ್ತೆಯದೇನು ತಪ್ಪು, ನಿಮ್ಮಪ್ಪ ಸುಳ್ಳು ಹೇಳಿದ್ದು ಎಂದು ವಾದ ಮಾಡಿದೆ. ಅದಕ್ಕಲ್ಲ ಎಂದರು. ಗೋಡೆ ಕಡೆ ತಿರುಗಿ ಹೇಳಿದರು:

“ಬಾಯ್ಲರ್ ರೂಮಿಗೆ ಯಾರೂ ಹೋಗ್ತಿರ್ಲಿಲ್ಲ. ನಾನು ದಿನಾ ಹೋಗ್ತಿದ್ದೆ. ಲೆಕ್ಕದಲ್ಲಿ ಫೇಲ್ ಆಗಿದ್ದು, ಅಮ್ಮಂಗೆ ಹುಷಾರಿಲ್ಲದ್ದು, ಮದುವೆ ಗೊತ್ತಾಗಿದ್ದು — ಎಲ್ಲಾ ಅಕ್ಕಂಗೆ ಹೇಳ್ತಿದ್ದೆ. ಮದುವೆ ಆದ್ಮೇಲೂ ತವರಿಗೆ ಹೋದಾಗೆಲ್ಲ ಹೇಳ್ದೆ. ಇನ್ಯಾರಿಗೂ ಹೇಳದೇ ಇರೋದೆಲ್ಲ ಹೇಳಿದ್ದೀನಿ ಕಣೇ. ಅವಳು ಬದುಕಿದ್ರೆ, ಅಷ್ಟು ವರ್ಷ ನಾನು ಯಾರ ಹತ್ರ ಮಾತಾಡ್ದೆ?”

ಮದುವೆಯಾಗಿ ಬಂದ ಮೇಲೆ ಅತ್ತೆಯ ಮೇಲೆ ನನಗೆ ಇಷ್ಟು ಪ್ರೀತಿ ಬಂದದ್ದು ಇದೇ ಮೊದಲು. ಕಾಲು ಒತ್ತಲಾ ಎಂದೆ. ಬೇಡ, ನೀನು ಒತ್ತಿದರೆ ನೋವು ಜಾಸ್ತಿ ಎಂದರು.

ದೊಡ್ಡತ್ತೆಗೆ ಫೋನ್ ಮಾಡಿ, ಆಗಲಿಲ್ಲ ಎಂದೆ. ಪರವಾಗಿಲ್ಲಮ್ಮಾ, ಶನಿವಾರ ಕೊನೇ ಸಲ ನನ್ನ ಕಥೆ ಕೇಳಿ ಹೋಗುತ್ತೇನೆ ಎಂದರು. ಸುಟ್ಟ ಮುಖ ಮಾತ್ರ ತೆಗೆದುಹಾಕು ಎಂದರು.

ಜೂನ್ 28, ಶನಿವಾರ

ಸಂಜೆ ಕೌಂಟರಿನಲ್ಲಿ ತಲೆ ತಗ್ಗಿಸಿ ಟಿಕೆಟ್ ಹರಿಯುತ್ತಿದ್ದೆ. ಪರಿಚಯದ ಕೈಯೊಂದು ನೋಟು ಚಾಚಿತು. ಅತ್ತೆ! ಮದುವೆಮನೆಗೆ ಹೊರಟ ಹಾಗೆ ಗರಿಗರಿ ಬಟ್ಟೆ. ನಿಮಗೇಕೆ ಟಿಕೆಟ್ ಎಂದರೆ ಸಂಬಂಧ ಬೇರೆ, ಟಿಕೆಟ್ ಬೇರೆ ಎಂದರು. ಸಾಲು ನಿಲ್ಲಿಸಬೇಡ ಎಂದೂ ಗದರಿದರು.

ದೊಡ್ಡತ್ತೆ ಹಿಂದೆ ಛತ್ರಿ ಹಿಡಿದು ನಿಂತಿದ್ದರು. ಅತ್ತೆ ಮುಂದೆ. ದಾರಿಯುದ್ದಕ್ಕೂ ಅತ್ತೆ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಜೈಲಿನ ದೆವ್ವ ಚೆನ್ನಾಗಿಲ್ಲ ಎಂದರು. ಥಿಯೇಟರಿನಲ್ಲಿ ಧೂಳು ಎಂದರು. ಸೇತುವೆಯ ಮೇಲೆ ಆಕಳಿಸಿದರು.

ಲಾಂಡ್ರಿಗೆ ಬಂದೆವು. ನನ್ನ ದೊಡ್ಡ ಗಂಟಲು ಕೈಕೊಟ್ಟಿತು. ‘ಈ ಜಾಗದಲ್ಲಿ’ ಎಂದು ಮೂರು ಸಲ ಶುರು ಮಾಡಿ ಮೂರು ಸಲ ನಿಲ್ಲಿಸಿದೆ. ಜನ ಗುಸುಗುಸು. ಸಾಹೇಬರು ಮೂಲೆಯಿಂದ ಕಣ್ಣು ಬಿಟ್ಟರು.

ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದರು. ಮೈದಾ ಮೂಟೆಗಳ ಸಂದಿಯಲ್ಲಿ ನಡೆದು ಎಡಗಡೆಯ ಗೋಡೆಗೆ ಹೋದರು. ಯಾರ ಕಡೆಗೂ ನೋಡದೆ, ಪೈಪಿನ ಮೇಲೆ ಬೆರಳಿನಿಂದ ತಟ್ಟಿದರು.

“ಅಕ್ಕಾ, ಇದ್ದೀಯಾ?”

ಗುಂಪಿನ ಹಿಂದಿನಿಂದ ಧ್ವನಿ ಬಂತು.

“ಇದ್ದೀನಿ ಕಣೇ.”

ಅತ್ತೆ ತಿರುಗಲಿಲ್ಲ. ಗೋಡೆಗೆ ಹಣೆ ಹಚ್ಚಿ ನಿಂತರು. ದೊಡ್ಡತ್ತೆ ಜನರನ್ನು ಸರಿಸಿಕೊಂಡು ಹೋಗಿ ಅವರ ಬೆನ್ನ ಮೇಲೆ ಕೈ ಇಟ್ಟರು. ಅತ್ತೆ ಮೂಟೆಯ ಮೇಲೆ ಕೂತು ಹತ್ತು ವರ್ಷದ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಗರಿಗರಿ ಬಟ್ಟೆಯೆಲ್ಲ ಮೈದಾ. ನಾನೂ ಅತ್ತುಬಿಟ್ಟೆ. ಬೇಕರಿಯವನೂ ಅತ್ತ.

ಜನ ಎದ್ದೂ ಬಿದ್ದೂ ಚಪ್ಪಾಳೆ ತಟ್ಟಿದರು. ಸಾಹೇಬರು ಓಡಿ ಬಂದು ನನ್ನ ಕೈ ಕುಲುಕಿದರು. ಎಂಥ ಆ್ಯಕ್ಟಿಂಗ್ ಮೇಡಂ, ಪ್ರತಿ ವಾರ ಇದನ್ನೇ ಇಡೋಣ ಎಂದರು.

ಜೂನ್ 29, ಭಾನುವಾರ, ಮಧ್ಯಾಹ್ನ

ದೊಡ್ಡತ್ತೆ ನಿನ್ನೆ ನಮ್ಮ ಮನೆಯಲ್ಲೇ ಉಳಿದರು. ಬಸ್ಸು ಬೆಳಗ್ಗೆಯೇ ಹೋಯಿತು. ಮಗಳು ಫೋನ್ ಮೇಲೆ ಫೋನ್. ಮುಂದಿನ ವಾರ ಬರುತ್ತೇನೆ ಎಂದು ಹೇಳು, ನನಗಿಲ್ಲಿ ಕೆಲಸ ಇದೆ ಎಂದರು.

ಕೆಲಸ ಏನೆಂದರೆ ಕೇಳುವುದು. ಬಾಯ್ಲರಿಗೆ ಏನೇನು ಹೇಳಿದ್ದೆಯೋ ಈಗ ನನಗೆ ಹೇಳು, ಒಂದನ್ನೂ ಬಿಡಬೇಡ ಎಂದು ದೊಡ್ಡತ್ತೆಯ ಹಟ. ಅತ್ತೆ ಮೊದಲು ನಾಚಿಕೊಂಡರು. ಶುರು ಮಾಡಿದ ಮೇಲೆ ನಿಲ್ಲಿಸಲೇ ಇಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಇವರಿಗೂ ನನಗೂ ಪ್ರವೇಶವಿಲ್ಲ. ಹಾಲ್‌ನಲ್ಲಿ ಬ್ರೆಡ್ ತಿಂದುಕೊಂಡು ಕೂತಿದ್ದೇವೆ.

ಕದ್ದು ಕೇಳುವ ಅಭ್ಯಾಸ ನನಗಿಲ್ಲ. ಕೇಳಿಸಿದರೆ ಏನು ಮಾಡಲಿ. ಬೆಳಗ್ಗೆ ಶಾಲೆ ಮುಗಿಯಿತು. ಹನ್ನೊಂದಕ್ಕೆ ಅತ್ತೆಯ ಮದುವೆ, ಮಾವನವರ ಸಿಟ್ಟು — ಒಳಗೆ ಇಬ್ಬರೂ ನಕ್ಕಿದ್ದು ಬೀದಿಗೆ ಕೇಳಿಸಿತು. ಆಮೇಲೆ ಇವರು ಹುಟ್ಟಿದರು. ಇವರು ಪೇಪರ್ ಇನ್ನೂ ಎತ್ತರಕ್ಕೆ ಹಿಡಿದರು.

ಈಗ ದನಿ ಸಣ್ಣಗಾಗಿದೆ. “ಆಮೇಲೆ ಇವಳು ಸೊಸೆಯಾಗಿ ಬಂದ್ಳು ನೋಡಕ್ಕಾ. ಮೊದಲನೇ ದಿನವೇ ಏನ್ ಮಾಡಿದ್ಳು ಅಂದ್ರೆ —”

ತಾಳು, ಕುರ್ಚಿಯನ್ನು ಬಾಗಿಲ ಹತ್ತಿರ ಎಳೆದುಕೊಂಡು —