ಬಾಗಿಲ ಮೇಲಿನ ಕೆಂಪು ವೃತ್ತ

೨೧೪೮ನೇ ಇಸವಿ, ಅಧಿಕ ಮೇ ತಿಂಗಳ ಒಂಬತ್ತು

ಹನ್ನೊಂದನೇ ವಾರ್ಡಿನ ಹಿಂದಿನ ಕಾಲದ ಸದಸ್ಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವುದೇ ಇಲ್ಲವಾದ್ದರಿಂದ ನಮ್ಮವರು ಮೇ ತಿಂಗಳನ್ನು ಎರಡು ಸಲ ಎಣಿಸುತ್ತಾರೆ. ಇನ್ನೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಮೇಲೆ ನನಗೆ ಅನುಮಾನವಿದೆ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಮನೆಮನೆಗೆ ನರ್ಸುಗಳನ್ನು ಕಳಿಸುವ ಸಂಸ್ಥೆಯ ಗುತ್ತಿಗೆ ಮುಂದುವರಿಸಲು ನಿಮ್ಮ ಕಾಲದ ಈ ವಾರ ನಗರಸಭೆಯಲ್ಲಿ ನೀವು ಕೈ ಎತ್ತಲಿದ್ದೀರಿ. ಆ ಕರಾರಿನ ಒಂದು ಸಾಲು ನೂರು ವರ್ಷ ದಾಟಿ ನಮ್ಮನ್ನು ಆಳುತ್ತಿದೆ: ಬಾಗಿಲ ಮೇಲೆ ಕೆಂಪು ವೃತ್ತವಿದ್ದರೆ ಆ ಮನೆಗೆ ಸೇವೆ ಸಿಕ್ಕಿದೆ ಎಂದರ್ಥ. ನೀವದನ್ನು ಓದದೆ ಒಪ್ಪಿದಿರೋ, ಓದಿಯೂ ಒಪ್ಪಿದಿರೋ, ನನಗೆ ಗೊತ್ತಿಲ್ಲ.

ನಮ್ಮ ಓಣಿಯಲ್ಲಿ ವರ್ಷಕ್ಕೆರಡು ಸಲ ಗೋಡೆ, ಬಾಗಿಲಿಗೆಲ್ಲ ಬಿಸಿಲುಸುಣ್ಣ ಬಳಿಯುತ್ತೇವೆ. ಸೆಕೆಯನ್ನು ತಡೆಯುವ ಬಿಳಿ ಲೇಪವದು. ಬಳಿಯದಿದ್ದರೆ ಮನೆಯೊಳಗೆ ಕೂರಲಾಗದು. ನರ್ಸು ಬಂದು ಹೋಗುವಾಗ ಬರೆದ ವೃತ್ತವೂ ಅದರಡಿ ಮುಚ್ಚಿಹೋಗುತ್ತದೆ. ಆಮೇಲೆ ಹಾರುಗಣ್ಣು, ಅಂದರೆ ನಗರಸಭೆಯ ಸಣ್ಣ ಯಂತ್ರ, ಓಣಿಯಲ್ಲಿ ಸುತ್ತಿ ವೃತ್ತಗಳನ್ನು ಎಣಿಸುತ್ತದೆ. ಸಾಕಷ್ಟಿದ್ದರೆ ಗುತ್ತಿಗೆ ತಾನಾಗಿಯೇ ಮುಂದುವರಿಯುತ್ತದೆ. ಸಭೆಯಿಲ್ಲ, ಚರ್ಚೆಯಿಲ್ಲ. ಕಡಿಮೆ ಬಿದ್ದರೆ ನರ್ಸಿಗೆ ನೋಟಿಸು. ನಮ್ಮ ಮಾಬೂಬಿ ಸಿಸ್ಟರ್‌ಗೆ ಒಮ್ಮೆ ಹಾಗೇ ನೋಟಿಸು ಬಂದಾಗ, ಪಾಪ, ನಮ್ಮ ಕಟ್ಟೆಯ ಮೇಲೆ ಕೂತು ಅತ್ತಿದ್ದಳು. ಅಂದಿನಿಂದ ಸುಣ್ಣ ಒಣಗಿದ ಕೂಡಲೇ ನಾವೇ ಕೆಮ್ಮಣ್ಣು ಕಲಸಿ ವೃತ್ತ ಬರೆಯತೊಡಗಿದೆವು. ಚೆನ್ನಾಗಿ ಬರೆಯುವವಳೆಂದು ನನ್ನನ್ನು ಪಕ್ಕದ ಮನೆಗಳಿಗೂ ಕರೆಯುತ್ತಿದ್ದರು. ಹೌದು, ನನಗದರಲ್ಲಿ ಹೆಮ್ಮೆಯೂ ಇತ್ತು.

ನನ್ನ ಅತ್ತೆ ನೀಲವ್ವನವರಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಅವರ ಪಾದ ನೋಡುವುದು ಮಾಬೂಬಿಯ ಕೆಲಸ. ಹಗಲು ನಾವೆಲ್ಲ ದುಡಿಯಲು ಹೋಗುವವರು. ಬಂದು ಹೋಗಿರುತ್ತಾಳೆ ಎಂದುಕೊಂಡೆವು. ಕಳೆದ ಸೋಮವಾರ ಅವರ ಕಾಲಿನಿಂದ ನಾತ ಬಂತು. ಪಾದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದರೆ ಎರಡು ಬೆರಳು ಕಪ್ಪಾಗಿದ್ದವು. ಸಂಸ್ಥೆಯ ಕಚೇರಿಗೆ ಓಡಿದೆ. ಮಾಬೂಬಿಯನ್ನು ದೀಪಾವಳಿಗೇ ಕೆಲಸದಿಂದ ಬಿಡಿಸಿದ್ದರಂತೆ. ಆ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಯಾಕೆ ಹಾಕುತ್ತಾರೆ? ಓಣಿಯ ಬಾಗಿಲುಗಳೆಲ್ಲ ಕೆಂಪಗಿದ್ದವಲ್ಲ. ಗುಮಾಸ್ತ ಪರದೆಯ ಮೇಲೆ ನಮ್ಮ ಬಾಗಿಲನ್ನೇ ತೋರಿಸಿ, "ಗುರುತು ಐತಲ್ರೀ ಅಕ್ಕಾರ, ಮತ್ತ ದೂರು ಏನಂತ ಬರ್ಕೊಳ್ಳಲಿ?" ಅಂದ.

ಆ ಸಂಸ್ಥೆಯವರು ನಮ್ಮ ಕರುಣೆಯನ್ನು ಮೊದಲೇ ಲೆಕ್ಕ ಹಾಕಿದ್ದರೇ? ಮಾಬೂಬಿಗೆ ಬಂದ ನೋಟಿಸೂ ನಾಟಕವೇ? ಈಗ ಎಲ್ಲವೂ ಹಾಗೇ ಕಾಣುತ್ತದೆ. ನೀವು ಗುತ್ತಿಗೆ ಮುಂದುವರಿಸಿ, ಬೇಡವೆನ್ನುವುದಿಲ್ಲ. ನರ್ಸು ಬೇಕೇ ಬೇಕು. ಆದರೆ ಆ ಸಾಲನ್ನು ಹೊಡೆದು ಹಾಕಿ. ಕೈ ಎತ್ತುವ ಮುನ್ನ ನಾಲ್ಕು ಮನೆಗಳ ಒಳಗೆ ಹೋಗಿ, ಮಲಗಿದವರ ಹೊದಿಕೆ ಸರಿಸಿ ನೋಡಿ.

ನಾಳೆ ಅತ್ತೆಯವರ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯುತ್ತಾರೆ. ಇವತ್ತು ನನ್ನ ಕೈ ಹಿಡಿದು, "ಮಾಬೂಬಿಗೆ ಬೈಬ್ಯಾಡವ್ವ. ಆಕಿ ಬಂದಾಗೆಲ್ಲ ನಾನ ನಿದ್ದಿ ಹೋಗಿರಬೇಕು" ಅಂದರು. ವೃತ್ತ ಬರೆದದ್ದು ನಾನು ಎಂದು ಅವರಿಗೆ ಹೇಳಲು ನನ್ನಿಂದಾಗಲಿಲ್ಲ.

ಇತಿ,
ದಾಕ್ಷಾಯಣಿ