ಬದರಿಗೆ ಮೊದಲು ಒಂದು ಎಲೆ

ಪಂಜ
೬ ಜುಲೈ ೨೦೨೫, ಭಾನುವಾರ

ಭವಿತಾಳ ಅಪ್ಪನಿಗೆ,

ದಮಯಂತಿಯ ನಮಸ್ಕಾರಗಳು. ನಾನು ಕ್ಷೇಮ, ನೀವು ಕ್ಷೇಮವೇ ಎಂದು ಶುರು ಮಾಡುವುದು ವಾಡಿಕೆ. ಅದನ್ನು ಸದ್ಯಕ್ಕೆ ಬಿಡೋಣ.

ಮದುವೆಯಾಗಿ ಇಷ್ಟು ವರ್ಷಕ್ಕೆ ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಪಂಜದಿಂದ ಕೊಯಿಲ ಏನು ದೂರದ ಊರಲ್ಲ, ನಿಮ್ಮ ಜೇಬಿನಲ್ಲಿ ಫೋನೂ ಇದೆ, ಮತ್ತೆ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನು ಮಾಡಿದರೆ ನೀವು ಒಂದು "ಹ್ಞಾಂ" ಎನ್ನುತ್ತೀರಿ, ಆಮೇಲೆ ನಿಮ್ಮ ಡ್ಯೂಟಿಯ ಫಾರ್ಮಿನ ದನಗಳು ಕೂಗುವುದಷ್ಟೇ ಕೇಳಿಸುತ್ತದೆ. ಬರೆದು ಕಳಿಸಿದರೆ ಪೂರ್ತಿ ಓದುತ್ತೀರಿ. ಹಿಂಡಿಯ ಗೋಣಿಯ ಮೇಲೆ ಅಚ್ಚಾದದ್ದನ್ನೂ ನಿಂತು ಓದುವ ಮನುಷ್ಯ ನೀವು. ಉದಯನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವನು ಬಿಚ್ಚಿ ನೋಡುತ್ತಾನೆಂಬ ಹೆದರಿಕೆ ಇಲ್ಲ. ವಾಟ್ಸಾಪಿನಲ್ಲಿ ಬಂದದ್ದು ಬಿಟ್ಟು ಬೇರೆ ಏನನ್ನೂ ಓದುವ ಅಭ್ಯಾಸ ನನ್ನ ತಮ್ಮನಿಗೆ ಇಲ್ಲ.

ಬದರಿಯ ವಿಷಯಕ್ಕೆ ಬರುತ್ತೇನೆ.

ಮೇ ಕೊನೆಗೆ, ಪತ್ತನಾಜೆ ಕಳೆದ ವಾರ, ನೀವು ಉದಯನ ಹತ್ತಿರ ಹೇಳಿ ಕಳಿಸಿದಿರಿ. ಮಳೆ ಇಳಿದ ಮೇಲೆ ಇಬ್ಬರೂ ಕೇದಾರ, ಬದರಿಗೆ ಹೋಗುವುದು, ಬದರಿಯ ಬ್ರಹ್ಮಕಪಾಲದಲ್ಲಿ ಗಂಡ ಹೆಂಡತಿ ಒಟ್ಟಿಗೆ ಕೂತು ಭವಿತಾಳಿಗೆ ಪಿಂಡ ಬಿಡುವುದು ಎಂದು. ಉದಯ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಮುರಿಯುತ್ತಾ, "ಅಲ್ಲಿ ಒಮ್ಮೆ ಬಿಟ್ರೆ ಮತ್ತೆ ಮನೆಯಲ್ಲಿ ಎಲೆ ಹಾಕಿ ಬಡಿಸುವ ಅಗತ್ಯ ಇಲ್ವಂತೆ ಅಕ್ಕ, ಭಾವ ಹೇಳಿದ್ರು" ಎಂದ. ನಾನು ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುತ್ತಿದ್ದೆ. ಕಾಲರನ್ನು ತಲೆಕೆಳಗೆ ಮಾಡಿ ಹೊಲಿದುಬಿಟ್ಟೆ, ಮತ್ತೆ ಬಿಚ್ಚಬೇಕಾಯಿತು.

ಅಗತ್ಯ ಇಲ್ಲ ಎಂದರೆ ಯಾರಿಗೆ ಇಲ್ಲ? ಅವಳಿಗೋ, ನಿಮಗೋ? ಆವತ್ತೇ ಕೇಳಬೇಕೆಂದಿದ್ದೆ. ಹಪ್ಪಳ ತಿನ್ನುತ್ತಿದ್ದ ಪಾಪದ ತಮ್ಮನನ್ನು ಕೇಳಿ ಏನು ಪ್ರಯೋಜನ ಎಂದು ಬಾಯಿ ಮುಚ್ಚಿಕೊಂಡೆ.

ಮರುದಿನವೇ, ಬದರಿಗೆ ಬರುತ್ತೇನೆಂದು ಹೇಳಿ ಕಳಿಸಿದೆನಲ್ಲ, ನಿಮಗೆ ಆಶ್ಚರ್ಯ ಆಗಿರಬೇಕು. ಸುಮ್ಮನೆ ಹೇಳಿದ್ದಲ್ಲ, ತಯಾರಿಯನ್ನೂ ಮಾಡಿದೆ. ಸುಳ್ಯಕ್ಕೆ ಹೋಗಿ ಸುಲೈಮಾನರ ಟ್ರಾವೆಲ್ಸಿನಲ್ಲಿ ಕೇಳಿದೆ. ಅವರ ಬೋರ್ಡಿನ ಒಂದು ಬದಿಯಲ್ಲಿ ಮಕ್ಕಾ, ಇನ್ನೊಂದು ಬದಿಯಲ್ಲಿ ಕೇದಾರ. ನಡುವೆ ಅವರದೇ ಫೋಟೋ. ಸೆಪ್ಟೆಂಬರಿಗೆ ಒಂದು ತಂಡ ಹೊರಡುತ್ತದಂತೆ. ನಮ್ಮಿಬ್ಬರ ಹೆಸರು ಹೇಳುವಾಗ ಗಂಡ ಹೆಂಡತಿ ಅಕ್ಕಪಕ್ಕದ ಸೀಟೇ ಅಲ್ಲವಾ ಎಂದು ಕೇಳಿದರು. ಹೌದೆಂದೆ. ಹಾಗೆ ಹೇಳಿ ಎಷ್ಟೋ ಕಾಲವಾಗಿತ್ತು, ನಾಚಿಕೆಯಾಯಿತು. ಆಮೇಲೆ ಅವರು, "ಅಕ್ಕ, ಅಲ್ಲಿ ಉಸಿರು ತೆಗೆಯುವ ಗಾಳಿಯೇ ಕಮ್ಮಿ. ಡಾಕ್ಟ್ರಿಗೆ ತೋರಿಸದೆ ನಾನು ಯಾರನ್ನೂ ಹತ್ತಿಸುದಿಲ್ಲ. ಉಮ್ರಾಕ್ಕೆಂದು ಮಕ್ಕಾಗೆ ಹೊರಟ ನನ್ನ ಉಮ್ಮನನ್ನೇ ಬಿಡ್ಲಿಲ್ಲ" ಎಂದರು. ಪುತ್ತೂರಿಗೆ ಹೋಗಿ ಅದನ್ನೂ ಮಾಡಿಸಿ ಬಂದೆ.

ಬೂಟು ತೆಗೆದುಕೊಂಡೆ. ನಗಬೇಡಿ. ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು ಬೆಳಿಗ್ಗೆ ನಮ್ಮ ಹಿಂದಿನ ಗುಡ್ಡದ ರಬ್ಬರ್ ತೋಟದ ಏರು ಹತ್ತುತ್ತಿದ್ದೆ, ಕೇದಾರದ ಅಭ್ಯಾಸಕ್ಕೆ. ಟ್ಯಾಪಿಂಗಿಗೆ ಬರುವ ಸೀತು ನೋಡಿ, ದಮಯಂತಕ್ಕ ಓಟದ ಸ್ಪರ್ಧೆಗೆ ಸೇರಿದ್ದಾರೆಂದು ಊರಿಡೀ ಸುದ್ದಿ ಮಾಡಿದಳು. ಅರ್ಧ ಏರಿನಲ್ಲಿ ಕೆಮ್ಮು ಬರುತ್ತಿತ್ತು. ಮಳೆಗಾಲ ಅಲ್ಲವಾ. ಸ್ವೆಟರು ನೋಡಲು ಮಂಗಳೂರಿಗೂ ಹೋಗಿದ್ದೆ. ನನ್ನ ಅಳತೆಯದು ಸಿಗಲಿಲ್ಲ. ಇನ್ನೊಮ್ಮೆ ಹೋದೆ, ಆಗ ಸುಲೈಮಾನರ ಮಗಳು ಫೌಝಿಯಾ ಜೊತೆಗೆ ಬಂದಳು. ಆಗಲೂ ಸಿಗಲಿಲ್ಲ.

ಇಷ್ಟೆಲ್ಲ ಮಾಡಿದ್ದು ಅವಳಿಗೆ ಪಿಂಡ ಬಿಡಲಿಕ್ಕೆ ಎಂದುಕೊಳ್ಳಬೇಡಿ. ನಿಲ್ಲಿಸಲಿಕ್ಕೆ. ಆ ಬ್ರಹ್ಮಕಪಾಲದ ಕಲ್ಲಿನ ಹತ್ತಿರ ನಿಮ್ಮ ಪಕ್ಕದಲ್ಲಿ ಕೂತು, ಪುರೋಹಿತರು ಹೆಸರು ಹೇಳಿ ಎನ್ನುವಾಗ ಎದ್ದು ಹೋಗುವುದೆಂದು ಮಾಡಿದ್ದೆ. ಅಷ್ಟು ದೂರ, ಅಷ್ಟು ಎತ್ತರಕ್ಕೆ ಕರೆದುಕೊಂಡು ಹೋದ ಹೆಂಡತಿ ಎದ್ದು ನಡೆದರೆ ನಿಮಗೆ ಗೊತ್ತಾಗಲಿ ಎಂಬ ಸಿಟ್ಟು. ಎದ್ದು ಹೋದರೆ ಹಿಂದೆ ಉಳಿದವರಿಗೆ ಹೇಗಿರುತ್ತದೆ ಎಂದು ಗೊತ್ತಾಗಲಿ.

ನಾಲ್ಕು ವರ್ಷದ ಹಿಂದೆ ಅವಳು ಡೆಂಗಿ ಜ್ವರದಲ್ಲಿ ಹೋದಾಗ ನಾನು ನಿಮ್ಮನ್ನು ಏನೂ ಅನ್ನಲಿಲ್ಲ. ಅನ್ನುವಂಥದ್ದು ಏನೂ ಇರಲಿಲ್ಲ. ಪುತ್ತೂರಿನ ಹಾಸ್ಟೆಲಿನಿಂದ ನೀವೇ ಕರೆದುಕೊಂಡು ಬಂದಿರಿ, ನೀವೇ ಆಸ್ಪತ್ರೆಗೆ ಸೇರಿಸಿದಿರಿ, ಅವಳ ಕಾಲು ಒತ್ತುತ್ತಾ ನೀವೇ ಕೂತಿದ್ದಿರಿ. ಹದಿನೆಂಟರ ಹುಡುಗಿ, ಡಾಕ್ಟ್ರುಗಳೇ ಕೈಚೆಲ್ಲಿದರು. ನಾವಿಬ್ಬರು ಬೇರೆಯಾದದ್ದು ಅವಳ ಸಾವಿನಿಂದ ಎಂದು ಊರವರು ತಿಳಿದಿದ್ದಾರೆ. ಬೇರೆಯಾದದ್ದು ಅವಳ ಎಲೆಯ ಎದುರು. ಅದು ನಿಮಗೂ ನನಗೂ ಮಾತ್ರ ಗೊತ್ತು.

ಅವಳು ಹೋದ ಮೇಲಿನ ಮೊದಲ ಆಟಿ ತಿಂಗಳು. ಹೋದವರಿಗೆ ಬಡಿಸುವ ದಿನ ಹಿರಿಯರ ಎಲೆಗಳ ಪಕ್ಕದಲ್ಲಿ ಅವಳಿಗೊಂದು ಎಲೆ ಹಾಕಿದೆ. ದೀಪ ಇಟ್ಟು, ಬಾಗಿಲು ಎಳೆದುಕೊಂಡು, ಎಲ್ಲರೂ ಜಗಲಿಗೆ ಬಂದು ಕೂತೆವು. ಹೋದವರು ಬಂದು ಉಂಡು ಹೋಗುವಷ್ಟು ಹೊತ್ತು ಮಾತಾಡದೆ ಕಾಯುವುದು ಕ್ರಮ. ನೀವು ಕಾಯಲಿಲ್ಲ. ನಡುವೆ ಎದ್ದು ಹೋಗಿ ಬಾಗಿಲು ತೆರೆದಿರಿ. ಹಿರಿಯರ ಎಲೆಗಳು ಹಾಗೆಯೇ ಇದ್ದವು, ಅವಳದೂ ಹಾಗೆಯೇ ಇತ್ತು. "ಅವಳು ಬರ್ಲಿಲ್ಲ, ದಮಯಂತಿ" ಎಂದಿರಿ. ಅವಳು ಯಾವತ್ತು ಒಂದೇ ಕರೆಗೆ ಊಟಕ್ಕೆ ಬಂದವಳು ಎಂದು ನಾನು ಹೇಳಿದೆ. ನಗಿಸಲಿಕ್ಕೆ ಹೇಳಿದ್ದು. ಕೂದಲು ಬಾಚದೆ, ಮೊಬೈಲು ಬಿಡದೆ, ಅನ್ನ ತಣ್ಣಗಾಗದೆ ಅವಳು ಬಂದದ್ದುಂಟಾ? ನೀವು ನಗಲಿಲ್ಲ. ಮರುದಿನ ಬೆಳಿಗ್ಗೆ ಕೊಡೆ, ಚೀಲ ಹಿಡಿದುಕೊಂಡು, ಕರು ಹಾಕುವ ಸಮಯ, ಫಾರ್ಮಿನ ಹತ್ತಿರವೇ ರೂಮು ಮಾಡುತ್ತೇನೆಂದು ಹೊರಟಿರಿ. ಆ ದನಗಳು ಇನ್ನೂ ಕರು ಹಾಕಿ ಮುಗಿಸಿಲ್ಲ.

ಆಮೇಲೆ ಪ್ರತಿ ಆಟಿಗೆ ನಾನೊಬ್ಬಳೇ ಹಾಕಿದೆ. ಉದಯನ ಮನೆಯವರು ಬರುತ್ತಾರೆ, ಜಗಲಿಯಲ್ಲಿ ಕೂತು ಹೋಗುತ್ತಾರೆ. ಮದುವೆಯಾಗದೆ ಹೋದವಳು, ಹೋದವರಲ್ಲೇ ಒಬ್ಬ ಹುಡುಗನನ್ನು ನೋಡಿ ಕುಲೆ ಮದುವೆ ಮಾಡಿಸಿ ಎಂದು ಒಬ್ಬರು ಸಂಬಂಧವನ್ನೇ ಹಿಡಿದುಕೊಂಡು ಬಂದಿದ್ದರು. ಇದ್ದಾಗಲೇ ಮದುವೆಯ ಸುದ್ದಿ ಎತ್ತಿದರೆ ಬಾಗಿಲು ಬಡಿಯುತ್ತಿದ್ದವಳು, ಈಗ ಸುಮ್ಮನಿರುತ್ತಾಳಾ ಎಂದು ಕಳಿಸಿಬಿಟ್ಟೆ. ಇಂಥದ್ದನ್ನೆಲ್ಲ ಹೇಳಿಕೊಂಡು ನಗಲಿಕ್ಕೆ, ಅಳಲಿಕ್ಕೆ ನನಗೆ ಇನ್ನೊಬ್ಬರಿಲ್ಲ. ಅವಳನ್ನು ಹೆತ್ತವರು ಲೋಕದಲ್ಲಿ ಇಬ್ಬರೇ, ಅದರಲ್ಲಿ ಒಬ್ಬರು ಕೊಯಿಲದಲ್ಲಿ ಕೂತಿದ್ದೀರಿ. ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ. ನೀವಿಲ್ಲದೆ ಬಹಳ ಬೇಸರವೂ ಆಗಿದೆ.

ಈಗ ಹೇಳಬೇಕಾದ್ದು. ನಾನು ಬದರಿಗೆ ಬರುವುದಿಲ್ಲ. ಸುಲೈಮಾನರಿಗೆ ಹೇಳಿಯಾಯಿತು, ನನ್ನ ಸೀಟನ್ನು ಬೇರೆಯವರಿಗೆ ಕೊಡುತ್ತಾರೆ. ಸ್ವೆಟರು ಸಿಗದ್ದಕ್ಕೆ ಎಂದು ಇಟ್ಟುಕೊಳ್ಳಿ. ನೀವು ಹೋಗಿ. ಹಿಮ ನೋಡಬೇಕೆಂದು ಮದುವೆಯಾದ ಹೊಸತರಲ್ಲಿ ಹೇಳುತ್ತಿದ್ದಿರಿ, ನೋಡಿ ಬನ್ನಿ. ಕೇದಾರನಿಗೆ ಕೈ ಮುಗಿಯಿರಿ, ನಿಮ್ಮ ಅಪ್ಪ ಅವ್ವನಿಗೆ ಪಿಂಡ ಬಿಡಿ. ಅವಳ ಹೆಸರು ಮಾತ್ರ ಅಲ್ಲಿ ಹೇಳಬೇಡಿ. ಅವಳಿಗೆ ವರ್ಷಕ್ಕೆ ಒಮ್ಮೆ ಮನೆಗೆ ಬರುವ ದಾರಿ ಇರುವುದು ಆ ಒಂದು ಎಲೆಯಲ್ಲಿ. ಮುಕ್ತಿಯ ವಿಚಾರ ದೊಡ್ಡವರಿಗೆ ಗೊತ್ತು, ನನಗೆ ಅದು ಅರ್ಥವಾಗುವುದಿಲ್ಲ. ಹೊಟ್ಟೆಗೆ ಹಾಕಿ ಕಳಿಸುವುದು ನನಗೆ ಅರ್ಥವಾಗುತ್ತದೆ.

ನನ್ನ ನಂತರ ಯಾರು ಹಾಕುತ್ತಾರೆ ಎಂದು ನೀವು ಕೇಳಬಹುದು. ಅದನ್ನೇ ನಾನೂ ಈಗ ದಿನವಿಡೀ ಕೇಳಿಕೊಳ್ಳುತ್ತಿದ್ದೇನೆ. ಅವಳಿಗೆ ಅಣ್ಣ ತಮ್ಮ ಇಲ್ಲ. ಉದಯನ ಹೆಂಡತಿ ಒಳ್ಳೆಯವಳು, ಆದರೆ ಅವಳು ಹಾಕಿದರೆ ಎಲ್ಲರಿಗೂ ಕೋಳಿ ಸಾರು, ಎಲ್ಲರಿಗೂ ಒಂದೇ ಲೆಕ್ಕ. ಭವಿತಾ ಕೋಳಿ ಮುಟ್ಟುವವಳಲ್ಲ. ಹಾಗಾಗಿ ನೀವು ಕಲಿಯಬೇಕು. ಆಟಿ ಶುರುವಾಗಲು ಇನ್ನು ಹೆಚ್ಚು ದಿನವಿಲ್ಲ. ಅಮಾವಾಸ್ಯೆ ಕಳೆದ ಭಾನುವಾರ ರಜೆ ಹಾಕಿ ಮನೆಗೆ ಬನ್ನಿ. ಈ ಸಲ ಅಡುಗೆ ನೀವು ಮಾಡಬೇಕು, ಬಡಿಸುವುದೂ ನೀವೇ. ನಾನು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂತು ಬಾಯಲ್ಲಿ ಹೇಳುತ್ತೇನೆ, ಕೈ ಹಾಕುವುದಿಲ್ಲ. ಒಂದು ಸಲ ನನ್ನ ಕಣ್ಣೆದುರು ಮಾಡಿ.

ಅವಳಿಗೆ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ. ಕುಚ್ಚಲು ಅನ್ನ ಇಟ್ಟರೆ ಮುಖ ತಿರುಗಿಸುತ್ತಾಳೆ. ಹುರಿದ ಬಂಗುಡೆ ಮೀನು, ಅದರಲ್ಲೂ ಬಾಲದ ಕಡೆಯದು, ಕರುಕಲಾಗುವಷ್ಟು ಹುರಿದದ್ದು. ನಡುವಿನ ತುಂಡನ್ನು ಯಾವಾಗಲೂ ನಿಮ್ಮ ತಟ್ಟೆಗೆ ತಳ್ಳುತ್ತಿದ್ದಳು, ಅಪ್ಪನ ಮೇಲಿನ ಪ್ರೀತಿ ಎಂದು ನೀವು ಹಿಗ್ಗುತ್ತಿದ್ದಿರಿ. ಅವಳಿಗೆ ಅದು ಸೇರುತ್ತಿರಲಿಲ್ಲ ಅಷ್ಟೆ. ಈಗ ದೋಣಿಗಳು ಕಡಲಿಗೆ ಇಳಿಯದ ಕಾಲ, ಬಂಗುಡೆ ಸುಲಭಕ್ಕೆ ಸಿಗುವುದಿಲ್ಲ. ಸ್ಕೂಟರಿನಲ್ಲಿ ಮೀನು ತರುವ ಸಮದನಿಗೆ ಮೊದಲೇ ಹೇಳಿಡಬೇಕು. ಯಾರಿಗೆ ಎಂದು ಅವನಿಗೆ ಗೊತ್ತು, ಎಲ್ಲಿಂದಾದರೂ ತಂದುಕೊಡುತ್ತಾನೆ. ಹಿರಿಯರಿಗೆ ಕಳ್ಳು ಇಡುವ ಜಾಗದಲ್ಲಿ ಅವಳಿಗೆ ಜೀರಾ ಸೋಡಾ ಇಡಿ, ಮುಚ್ಚಳ ತೆಗೆದು ಇಡಿ. ಕೊತ್ತಂಬರಿ ಸೊಪ್ಪು ಯಾವುದಕ್ಕೂ ಹಾಕಬೇಡಿ. ಇಷ್ಟೇ ಇರುವುದು. ಹಟ್ಟಿಯಲ್ಲಿ ಒಂದೊಂದು ದನಕ್ಕೂ ಒಂದೊಂದು ಮೇವು ನೆನಪಿಡುವವರಿಗೆ ಇದು ಕಷ್ಟವಲ್ಲ.

ಬಡಿಸಿ ಆದ ಮೇಲೆ ಈ ಸಲ ನನ್ನ ಪಕ್ಕದಲ್ಲಿ ಜಗಲಿಯಲ್ಲಿ ಕೂತುಕೊಳ್ಳಿ. ಕಷ್ಟ ಆದರೆ ನನ್ನ ಕೈ ಹಿಡಿದುಕೊಳ್ಳಿ, ಉದಯ ನೋಡಿದರೆ ನೋಡಲಿ. ಅಷ್ಟಾದ ಮೇಲೂ ಬದರಿಯಲ್ಲಿ ಅವಳ ಹೆಸರು ಹೇಳಿಯೇ ಬರುತ್ತೇನೆಂದರೆ ಹೇಳಿ ಬನ್ನಿ, ನಾನು ತಡೆಯುವುದಿಲ್ಲ. ತಡೆಯಲಿಕ್ಕೆ ನಾನು ಅಲ್ಲಿ ಇರುವುದೂ ಇಲ್ಲ.

ಬರುವಾಗ ನಿಮ್ಮ ಬಟ್ಟೆಯ ಚೀಲವನ್ನೂ ತಂದುಬಿಡಿ. ಮತ್ತೆ ಆ ಕೋಣೆಗೆ ಹೋಗುವುದು ಬೇಡ. ಇಲ್ಲಿಂದಲೇ ದಿನಾ ಬಸ್ಸಿನಲ್ಲಿ ಡ್ಯೂಟಿಗೆ ಹೋಗಬಹುದು.

ನಿಮ್ಮ ದಾರಿ ನೋಡುತ್ತಿರುವ,
ದಮಯಂತಿ

ತಾ. ಕ.: ಸ್ವೆಟರಿನ ಸುದ್ದಿ ಸುಳ್ಳು. ಪುತ್ತೂರಿನಲ್ಲಿ ಯಾತ್ರೆಗೆಂದು ಎದೆಯ ಎಕ್ಸ್‌ರೇ ತೆಗೆದರು, ನೋಡಿದ ಡಾಕ್ಟ್ರು ಮಂಗಳೂರಿಗೆ ಹೋಗಿ ಎಂದರು. ಮಂಗಳೂರಿನವರು ಎರಡನೆಯ ಸಲ ಬರುವಾಗ ಮನೆಯವರನ್ನು ಕರೆದುಕೊಂಡು ಬನ್ನಿ ಎಂದರು, ನಾನು ಫೌಝಿಯಾಳನ್ನು ಕರೆದುಕೊಂಡು ಹೋದೆ. ಕ್ಯಾನ್ಸರ್. ಶ್ವಾಸಕೋಶದಲ್ಲಿ ಶುರುವಾದದ್ದು ಲಿವರಿನವರೆಗೂ ಹೋಗಿದೆಯಂತೆ. ಸೆಪ್ಟೆಂಬರಿಗೆ ಬದರಿ ಎಂದೆ, ಡಾಕ್ಟ್ರು ಆಗುವುದಿಲ್ಲವೆಂದು ತಲೆ ಆಡಿಸಿದರು. ಬರುವ ವರ್ಷದ ಆಟಿ ಎಂದೆ, ಅದಕ್ಕೆ ಅವರು ಫೌಝಿಯಾಳ ಮುಖ ನೋಡಿದರು. ಉದಯನಿಗೆ ಹೇಳಿಲ್ಲ, ನೀವು ಬಂದ ಮೇಲೆ ನೀವೇ ಹೇಳಿ. ಬರುವ ವರ್ಷ ಎರಡು ಎಲೆ ಹಾಕಬೇಕಾಗುತ್ತದೆ. ಪಕ್ಕ ಪಕ್ಕದಲ್ಲಿ ಹಾಕಿ. ಬಂಗುಡೆಯ ನಡುವಿನ ತುಂಡು ನನ್ನ ಎಲೆಗೆ ಇರಲಿ. ಬಾಗಿಲು ಎಳೆದುಕೊಂಡ ಮೇಲೆ ಬೇಗ ತೆರೆಯಬೇಡಿ. ಅವಳು ಒಂದೇ ಕರೆಗೆ ಬರುವವಳಲ್ಲ, ಕರೆದುಕೊಂಡು ಬರಲು ನನಗೆ ಸ್ವಲ್ಪ ಹೊತ್ತು ಬೇಕು.