ದೂರದವನ ತೆನೆ

ಉಳ್ಳಾಲ,
7 ಸೆಪ್ಟೆಂಬರ್ 1961

ಪ್ರೀತಿಯ ರೊಸಾಲಿನ್‌ಗೆ,

ಮೇಲೆ ಬರೆದ ಊರಿನ ಹೆಸರು ಓದಿ ಕನ್ನಡಕ ಒರೆಸಿಕೊಳ್ಳಬೇಡ, ಸರಿಯಾಗಿಯೇ ಬರೆದಿದ್ದೇನೆ. ಕನ್ಯಾಕುಮಾರಿಯಿಂದ ಹಾಕಿದ ಕಾರ್ಡಿನಲ್ಲಿ ಇನ್ನು ರಾಮೇಶ್ವರ, ಆಮೇಲೆ ಪುರಿ ಎಂದಿದ್ದೆ. ಹತ್ತಿದ್ದು ಮಾತ್ರ ನಮ್ಮೂರ ಕಡೆಯ ರೈಲು. ಹನ್ನೊಂದು ದಿನದಿಂದ ಇಲ್ಲಿದ್ದೇನೆ. ಬೋಳಾರದ ನಮ್ಮ ಮನೆಗೂ ನನಗೂ ನಡುವೆ ಈಗ ಇರುವುದು ಒಂದು ನದಿ.

ಎಂಟು ತಿಂಗಳು ಬೆನ್ನಿಗೆ ಚೀಲ ಹಾಕಿಕೊಂಡು ತಿರುಗಿದವನಿಗೆ ಸ್ವಲ್ಪ ವಿಶ್ರಾಂತಿ ಬೇಕಿತ್ತು, ಅಷ್ಟೆ. ಬೀಫಾತಿಮ್ಮ ಎಂಬ ವಿಧವೆಯ ಮನೆಯ ಜಗುಲಿ ಸಿಕ್ಕಿತು. ಚಾಪೆ, ಎರಡು ಹೊತ್ತು ಗಂಜಿ, ಮೀನಿನ ಸಾರು ಎಲ್ಲ ಸೇರಿ ದಿನಕ್ಕೆ ಒಂದು ರೂಪಾಯಿ. ನಾನು ಮಲಗೆದ್ದ ಧರ್ಮಶಾಲೆಗಳಿಗಿಂತ ಎಷ್ಟೋ ವಾಸಿ, ತಿಗಣೆಯೂ ಇಲ್ಲ. ಬೆಳಿಗ್ಗೆ ಕಡಲ ಬದಿ ನಡೆಯುತ್ತೇನೆ, ಮಧ್ಯಾಹ್ನ ತೆಂಗಿನ ನೆರಳಲ್ಲಿ ಮಲಗುತ್ತೇನೆ. ಮಳೆ ಕಡಿಮೆಯಾಗಿ ದೋಣಿಗಳು ಮತ್ತೆ ನೀರಿಗಿಳಿದಿವೆ. ಬಲೆ ಎಳೆಯಲು ಕೈ ಹಾಕಿದರೆ ನಾಲ್ಕು ಬೂತಾಯಿ ಮೀನು ಕೊಡುತ್ತಾರೆ. ಇಪ್ಪತ್ತೆರಡು ವರ್ಷ ಕನ್ನಡ ವ್ಯಾಕರಣ ಕಲಿಸಿದ್ದಕ್ಕೆ ಯಾರೂ ಮೀನು ಕೊಟ್ಟದ್ದಿಲ್ಲ.

ಜನವರಿಯ ವಿಷಯವನ್ನೂ ಬರೆದುಬಿಡುತ್ತೇನೆ. ಹೆಡ್‌ಮಾಸ್ಟರ್ ಕುರ್ಚಿ ನನಗಿಂತ ಕಿರಿಯನಿಗೆ ಹೋಯಿತೆಂದು, ನಿನಗೆ ಒಂದು ಮಾತೂ ಹೇಳದೆ ರಾಜೀನಾಮೆ ಕೊಟ್ಟು ಬಂದೆ. ನೀನು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಯೂನಿಫಾರ್ಮ್ ಕೂಡ ಬದಲಿಸದೆ, ಈ ಮನೆಯಲ್ಲಿ ನಾನು ಎಂತ, ಬಾಡಿಗೆಗೆ ಇರುವವಳಾ ಎಂದು ಕೇಳಿದೆ. ನಾನು ಚೀಲ ತುಂಬಿದೆ. ಎಂಟು ದಿನದಲ್ಲಿ ಹಿಂದೆ ಬರ್ತೀರಿ ಎಂದು ಬಾಗಿಲಲ್ಲಿ ನಿಂತು ನೀನು ಹೇಳದಿದ್ದರೆ ಬಹುಶಃ ಎಂಟೇ ದಿನಕ್ಕೆ ಬರುತ್ತಿದ್ದೆ.

ಕಾರ್ಡುಗಳಲ್ಲಿ ಗೋಪುರ, ರೈಲಿನ ಗಲಾಟೆ ಎಲ್ಲ ಬರೆದೆ. ಮಧುರೆಯಲ್ಲಿ ಜ್ವರ ಬಂದು ಒಂಬತ್ತು ದಿನ ಮಲಗಿದ್ದನ್ನು ಬರೆಯಲಿಲ್ಲ. ಆಗ ನಿನ್ನ ನೆನಪಾಯಿತು, ನೀನು ನರ್ಸ್ ಎಂಬ ಕಾರಣಕ್ಕಲ್ಲ.

ನಿನ್ನೆ ಬೀಫಾತಿಮ್ಮ ಗಂಜಿ ಬಡಿಸುತ್ತಾ ಮನೆ ಎಲ್ಲಿ ಎಂದು ಕೇಳಿದರು. ಆಚೆ, ಬೋಳಾರ ಎಂದೆ. ಸೌಟು ಹಿಡಿದುಕೊಂಡೇ ನಕ್ಕುಬಿಟ್ಟರು. ಎಂತ ಮಾಸ್ಟ್ರೇ, ದೋಣಿ ಉಂಟಲ್ಲ, ನದಿ ದಾಟ್ಲಿಕ್ಕೆ ಹತ್ತು ದಿನ ಬೇಕಾ ಮಾರಾಯ್ರೇ ಎಂದರು. ವಿಶ್ರಾಂತಿಗೆ ಬಂದವನು ಎಂದರೆ ಅವರು ನಂಬಲಿಲ್ಲ. ನೀನೂ ನಂಬಬೇಡ. ನನಗೆ ನಿನ್ನೆದುರು ಬರಲು ಹೆದರಿಕೆ.

ನಾಳೆ ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆ ನೀನು ಮನೆಗೆ ತರುವೆ. ಮನೆಯಲ್ಲಿದ್ದವರಿಗೆ ಹೊಸ ಅಕ್ಕಿಯನ್ನು ಹಾಲಿಗೆ ಬೆರೆಸಿ ಬಟ್ಟಲಲ್ಲಿ ಕೊಡುವುದು, ದೂರದಲ್ಲಿದ್ದವರಿಗೆ ಕಾಳನ್ನು ಲಕೋಟೆಯಲ್ಲಿ ಹಾಕಿ ಕಳುಹಿಸುವುದು ನಮ್ಮ ಕ್ರಮ. ಬೊಂಬಾಯಿಯ ನಿನ್ನ ತಮ್ಮ ವಿಲ್ಲಿಗೆ ಪ್ರತಿ ವರ್ಷ ಲಕೋಟೆ ಅಂಟಿಸುತ್ತಿದ್ದವನು ನಾನೇ. ಈ ವರ್ಷ ನನಗೆ ಸಿಗುವುದು ಬಟ್ಟಲೋ ಲಕೋಟೆಯೋ ಗೊತ್ತಿಲ್ಲ. ಅದನ್ನು ನೀನೇ ತೀರ್ಮಾನಿಸು. ನಿನ್ನನ್ನು ಕೇಳದೆ ತೀರ್ಮಾನಿಸುವುದನ್ನು ನಾನು ಜನವರಿಯಲ್ಲೇ ಮಾಡಿ ಮುಗಿಸಿದ್ದೇನೆ.

ನದಿಯ ಈಚೆಯಿಂದ,
ನಿನ್ನ ಆಂಬ್ರೋಸ್

ಮರೆತಿದ್ದು: ಪತ್ರಕ್ಕೆ ಅಂಚೆಚೀಟಿ ಇಲ್ಲ. ನಾಳೆ ಪೂಜೆ ಮುಗಿಸಿ ನೀನು ಮನೆಗೆ ಬರುವ ಹೊತ್ತಿಗೆ ದೋಣಿಯ ಮಾಯಿಲಪ್ಪ ಇದನ್ನು ತಂದು ಕೊಡುತ್ತಾನೆ. ಉತ್ತರ ಬರೆಯುವ ತೊಂದರೆ ಬೇಡ. ಲಕೋಟೆಯಲ್ಲಿ ಕಾಳು ಹಾಕಿ ಅವನ ಕೈಗೆ ಕೊಟ್ಟರೆ, ನಾನು ದೂರದವನೆಂದು ತಿಳಿದು ರಾಮೇಶ್ವರಕ್ಕೆ ಹೊರಡುತ್ತೇನೆ. ಆದರೆ ದಯವಿಟ್ಟು ಬಟ್ಟಲನ್ನು ಮನೆಯಲ್ಲೇ ಇಟ್ಟು ಅವನನ್ನು ಬರಿಗೈಯಲ್ಲಿ ಕಳುಹಿಸು. ಅವನು ನದಿ ದಾಟಿ ಬಂದು ಸುದ್ದಿ ಹೇಳಬೇಕಾಗಿಲ್ಲ. ಬೋಳಾರದ ಕಡವಿನಲ್ಲಿ, ಅವನ ದೋಣಿಯ ಪಕ್ಕದಲ್ಲೇ ಚೀಲ ಇಟ್ಟುಕೊಂಡು ಕೂತಿರುತ್ತೇನೆ.